ಬಿರುಕು ತುಂಬುತ್ತಿದ್ದ ಎದುರುಮನೆ ಅಂಕಲ್

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಚಮಚದ ಬೆನ್ನಿನ ಹಾಗೆ ನುಣ್ಣಗಿತ್ತು. ಆಧಾರ್ ಕೇಂದ್ರದಲ್ಲಿ ಅದನ್ನು ನಾಲ್ಕು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲವಂತೆ. ಕೌಂಟರಿನ ಹುಡುಗಿ ಕೈ ತೊಳೆದುಕೊಂಡು ಬನ್ನಿ ಎಂದಳಂತೆ. "ಮೂವತ್ತು ವರ್ಷ ಮಣ್ಣಲ್ಲೇ ತೊಳೆದಿದ್ದೀನಿ ಕಣಮ್ಮ, ಇನ್ನೇನೂ ಉಳಿದಿಲ್ಲ ಅಂತ ಹೇಳಿ ಬಂದೆ" ಎಂದು ನಮ್ಮ ಗೇಟಿನ ಹತ್ತಿರ ನಿಂತು ಆ ಹೆಬ್ಬೆರಳನ್ನು ನನಗೆ ತೋರಿಸಿದ್ದರು. ತೋರಿಸುವಾಗ ಅವರ ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು.

ವಿನೋಬನಗರದಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಊರಿನವರೇ ಆದರೂ ಕೆಲಸ ಮಾಡಿದ್ದೆಲ್ಲ ದೂರದ ರಾಜ್ಯಗಳ ಎಣ್ಣೆ ಬಾವಿಗಳಲ್ಲಿ. ನಿವೃತ್ತರಾದ ಮೇಲೆ ಅವರೂ ಆಂಟಿಯೂ ಇಲ್ಲಿಗೆ ಬಂದು ನೆಲೆಸಿದರು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದವರಿಗೆಲ್ಲ "ಮಣ್ಣಿನ ಗಂಜಿ ಕಾಯಿಸ್ತಿದ್ದೆ" ಎನ್ನುತ್ತಿದ್ದರು. ಅದು ತಮಾಷೆ ಎಂದೇ ನಾವೆಲ್ಲ ತಿಳಿದಿದ್ದೆವು.

ತಮಾಷೆಯಲ್ಲ ಎಂದು ಗೊತ್ತಾದದ್ದು ನಮ್ಮ ಅಡುಗೆಮನೆಯ ಸಿಂಕ್ ಕಟ್ಟಿಕೊಂಡ ದಿನ. ನಮ್ಮ ಯಜಮಾನರು ಆಫೀಸಿಗೆ ಹೋಗಿದ್ದರು. ಆಂಟಿ ಕರಿಬೇವು ಕೇಳಲು ಬಂದವರು ನನ್ನ ಅವಸ್ಥೆ ನೋಡಿ ಅಂಕಲ್ ಅವರನ್ನು ಕಳಿಸಿದರು. ಅವರು ಪಂಚೆ ಎತ್ತಿ ಕಟ್ಟಿಕೊಂಡು ನೆಲದ ಮೇಲೆ ಕೂತು, ಸಿಂಕಿನ ಕೆಳಗಿನ ಬಾಗು ಪೈಪನ್ನು ಬಿಚ್ಚಿ, ಒಳಗಿದ್ದುದನ್ನು ಕಾಗದದ ಮೇಲೆ ಸುರಿದುಕೊಂಡರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವರು ಆ ಕೊಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುತ್ತಾ, ಮೊದಲು ಯಾವುದು ಹೋಗಿ ಸಿಕ್ಕಿಕೊಂಡಿರಬೇಕು ಎಂದು ಕೇಳಿದರು.

ನಾನು ಯೋಚಿಸದೆ ಹೇಳಿದೆ. ಮೊದಲು ಪಾತ್ರೆ ತಿಕ್ಕುವ ತೆಂಗಿನ ನಾರು. ಅದಕ್ಕೆ ಅಕ್ಕಿ ನುಚ್ಚು ಸಿಕ್ಕಿಕೊಂಡಿರುತ್ತೆ. ಅದರ ಮೇಲೆ ಗಂಜಿ ಕೂತಿರುತ್ತೆ. ಬರೀ ನುಚ್ಚು ಹೋದರೆ ಸಿಂಕ್ ಕಟ್ಟಲ್ಲ, ಬರೀ ಗಂಜಿ ಹೋದರೂ ಕಟ್ಟಲ್ಲ, ಮೂರೂ ಸೇರಿದರೆ ಮಾತ್ರ ಎಂದೆ. ಅವರು ಬೆರಳು ಉಜ್ಜುವುದನ್ನು ನಿಲ್ಲಿಸಿದರು.

"ಅಲ್ಲ ಮಾರಾಯ್ತಿ," ಎಂದರು, "ನಾನು ಮೂವತ್ತು ವರ್ಷದಲ್ಲಿ ಕಲಿತದ್ದು ನಿನ್ನ ಸಿಂಕಲ್ಲಿತ್ತಲ್ಲ."

ಅವತ್ತು ಅವರು ಅಲ್ಲೇ ಕೂತು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಬೋರ್‌ವೆಲ್ ಕೊರೆಯುವ ಕಡೆ ಗಟ್ಟಿ ಬಂಡೆಯಿದ್ದರೆ ದೊಡ್ಡ ಲಾರಿ ಬಂದು ಗಾಳಿಯ ಒತ್ತಡದಲ್ಲಿ ಕೊರೆದು ಹೋಗುತ್ತದೆ. ಸಡಿಲ ನೆಲದಲ್ಲಿ ಹಾಗಾಗುವುದಿಲ್ಲ, ಕೊರೆದಷ್ಟೂ ಕುಸಿಯುತ್ತದೆ. ಅಲ್ಲಿ ಜೇಡಿಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಪೈಪಿನೊಳಗೆ ಪಂಪ್ ಮಾಡುತ್ತಾರೆ. ಆ ಗಂಜಿ ಕೆಳಗೆ ಹೋಗಿ, ಕೊರೆದ ಪುಡಿಯನ್ನು ಹೊತ್ತುಕೊಂಡು ಪಕ್ಕದಿಂದ ಮೇಲೆ ಬರುತ್ತದೆ. ಬರುವಾಗ ಗೋಡೆಯನ್ನೂ ಹಿಡಿದು ನಿಲ್ಲಿಸುತ್ತದೆ. ಆದರೆ ನಡುವೆ ಎಲ್ಲಾದರೂ ಬಿರುಕೋ ಜಲ್ಲಿಕಲ್ಲಿನ ಪದರವೋ ಸಿಕ್ಕಿದರೆ ಗಂಜಿ ಆ ಕಡೆ ಓಡಿಹೋಗುತ್ತದೆ. ಮೇಲೆ ಬರುವುದು ನಿಲ್ಲುತ್ತದೆ, ಗೋಡೆ ಕುಸಿಯುತ್ತದೆ, ಪೈಪು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಆ ಬಿರುಕನ್ನು ತುಂಬಬೇಕು. ಎಣ್ಣೆ ಬಾವಿಯಲ್ಲಿ ಅದಕ್ಕಾಗಿ ಹೊರದೇಶದಿಂದ ಅಕ್ರೋಟ್ ಚಿಪ್ಪಿನ ಪುಡಿ ತರಿಸುತ್ತಿದ್ದರಂತೆ. "ಇಲ್ಲಿ ನೋಡಿದ್ರೆ ಅಡಿಕೆ ಸಿಪ್ಪೆನ ರಸ್ತೆ ಬದಿಗೆ ಸುರಿದು ಬೆಂಕಿ ಇಡ್ತಾರೆ. ಹೊಟ್ಟೆ ಉರಿಯುತ್ತೆ" ಎಂದರು.

ಹೊರಡುವಾಗ ಅವರು ಸಿಪ್ಪೆ ಪುಡಿ ಮಾಡಲು ಕೇಳಿದ್ದು ನನ್ನ ಹಳೆಯ ಮಿಕ್ಸಿಯನ್ನು. ಗೇಟಿನವರೆಗೆ ಹೋದವರು ತಿರುಗಿ ಬಂದು, ನೀನೂ ಬೇಕು ಎಂದರು.

ಹೀಗೆ ಶುರುವಾದದ್ದು ಮೂರು ವರ್ಷ ನಡೆಯಿತು. ನಾನು ಭದ್ರಾವತಿಯ ಕಾನ್ವೆಂಟಿನಲ್ಲಿ ಓದಿದವಳು. ಬಿ.ಎಸ್ಸಿ. ಒಂದು ವರ್ಷ ಮುಗಿಸುವಷ್ಟರಲ್ಲಿ ಮದುವೆಯಾಯಿತು. ಸಿಸ್ಟರುಗಳು ಕಲಿಸಿದ ದುಂಡು ಅಕ್ಷರ, ಹೊಲಿಗೆ, ಪ್ರತಿಯೊಂದಕ್ಕೂ ಚೀಟಿ ಅಂಟಿಸುವ ಅಭ್ಯಾಸ, ಇವೆಲ್ಲ ನನ್ನ ಮಸಾಲೆ ಡಬ್ಬಿಗಳ ಮೇಲಷ್ಟೇ ಉಳಿದಿದ್ದವು. ಅಂಕಲ್ ನನ್ನ ಕೈಗೆ ಒಂದು ಉದ್ದ ನೋಟ್‌ಬುಕ್ ಕೊಟ್ಟರು. ಮಾಡಿದ್ದನ್ನೆಲ್ಲ ಬರೆಯಬೇಕು, ಕೆಟ್ಟದ್ದನ್ನು ಮೊದಲು ಬರೆಯಬೇಕು ಎಂದರು.

ಅವರ ಮನೆಯ ತಾರಸಿಯೇ ನಮ್ಮ ಪ್ರಯೋಗಶಾಲೆ. ಸವಳಂಗ ರಸ್ತೆಯ ಬದಿಯಿಂದ ಅಡಿಕೆ ಸಿಪ್ಪೆ ಬರುತ್ತಿತ್ತು. ಭದ್ರಾವತಿಯ ಗುಜರಿ ಅಂಗಡಿಯಿಂದ ರದ್ದಿ ಕಾಗದ, ಸಂತೆಯಲ್ಲಿ ಎಸೆದ ಹುಣಸೆ ಬೀಜ. ನಾನು ಒಣಗಿಸಿ, ಕುಟ್ಟಿ, ಪುಡಿ ಮಾಡಿ, ಜರಡಿ ಹಿಡಿಯುತ್ತಿದ್ದೆ. ಕಂಪನಿಯ ಜರಡಿಗಳು ನಮಗೆಲ್ಲಿ? ಟೀ ಸೋಸುವುದು, ಸೊಳ್ಳೆ ಪರದೆ, ನನ್ನ ಹಳೆಯ ನೈಲಾನ್ ಸೀರೆ, ಹೀಗೆ ದಪ್ಪದಿಂದ ಸಣ್ಣಕ್ಕೆ. ನೋಟ್‌ಬುಕ್ಕಿನಲ್ಲೂ ಹಾಗೇ ಬರೆದೆ. "ನೈಲಾನ್ ಸೀರೆಯಲ್ಲಿ ಇಳಿದದ್ದು, ಎರಡು ಪಾವು." ಅಂಕಲ್ ಅದನ್ನು ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆದರೆ ತಿದ್ದಲಿಲ್ಲ.

ಪರೀಕ್ಷೆಗೆ ತಳ ತೂತು ಮಾಡಿದ ಗಾಜಿನ ಬಾಟಲಿ. ಅದರಲ್ಲಿ ತುಂಗೆಯ ಬೆಣಚುಕಲ್ಲು. ಮೇಲಿಂದ ಗಂಜಿ ಸುರಿದರೆ ಕೆಳಗೆ ಸೋರಬೇಕು. ಎಷ್ಟು ಎಣಿಸುವಷ್ಟರಲ್ಲಿ ಸೋರುವುದು ನಿಲ್ಲುತ್ತದೆ ಎಂದು ನೋಡುವುದು. ಬರೀ ಸಿಪ್ಪೆ ನಿಲ್ಲಲಿಲ್ಲ, ಬರೀ ಕಾಗದವೂ ನಿಲ್ಲಲಿಲ್ಲ. ಸಿಪ್ಪೆಯ ನಾರು, ಕಾಗದದ ನುಚ್ಚು, ಹುಣಸೆ ಬೀಜದ ಹಿಟ್ಟು ಮೂರೂ ಸೇರಿದ ದಿನ ಹನಿ ನಿಂತಿತು. ಅಂಕಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ, ಒಂದು ಚೂರು ಗಂಜಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಆಂಟಿ ಮೆಟ್ಟಿಲಿನಿಂದಲೇ, ಮನೇಲಿ ಮಾಡಿದ ಉಪ್ಪಿಟ್ಟಿಗೆ ಉಪ್ಪು ಹೆಚ್ಚು ಅಂತಾರೆ, ಮಣ್ಣನ್ನ ಮಾತ್ರ ಚಪ್ಪರಿಸ್ತಾರೆ ನೋಡು ಎಂದರು.

ಅವರ ಮಾತೊಂದಿತ್ತು. ಅದನ್ನು ನಾನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. "ಎಣ್ಣೆ ಬಾವಿಗೆ ಬಿರುಕು ಶತ್ರು. ನೀರಿನ ಬಾವಿಗೆ ಬಿರುಕೇ ತಾಯಿ. ಅವಳನ್ನ ಹದಿನೈದು ದಿನ ಮಲಗಿಸಬೇಕು, ಕೊಲ್ಲಬಾರದು." ನೀರು ಬರುವುದೇ ಆ ಬಿರುಕಿನಿಂದ, ಆ ಜಲ್ಲಿಯಿಂದ. ಗಂಜಿ ಎಲ್ಲಿ ಕಳೆದುಹೋಗುತ್ತದೋ ಅಲ್ಲೇ ನೀರಿನ ದಾರಿ. ಆದ್ದರಿಂದ ನಾವು ಹಾಕುವುದೆಲ್ಲ ಕೊಳೆಯುವಂಥದ್ದೇ ಆಗಿರಬೇಕು. ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಬಿಟ್ಟು ತೊಳೆದರೆ ಸಿಪ್ಪೆ, ಕಾಗದ, ಹಿಟ್ಟು ಎಲ್ಲ ಬಿಟ್ಟುಕೊಂಡು ದಾರಿ ತೆರೆಯಬೇಕು. ರಬ್ಬರು, ಪ್ಲಾಸ್ಟಿಕ್ಕು ಎಣ್ಣೆ ಬಾವಿಯವರಿಗೆ, ನಮಗಲ್ಲ ಎಂದು ಅವರೇ ಬರೆಸಿದ್ದರು.

ಆ ಮೂರು ವರ್ಷ ನಾನು ಎಷ್ಟು ಸಂತೋಷವಾಗಿದ್ದೆನೆಂದು ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಬೆಳಗಿನ ಪೂಜೆ, ಅಡುಗೆ, ಡಬ್ಬಿ ಮುಗಿಸಿ ರಸ್ತೆ ದಾಟಿದರೆ ಅಲ್ಲಿ ನನ್ನ ಮಾತಿಗಾಗಿ ಕಾಯುವವರೊಬ್ಬರಿದ್ದರು. "ಏನಂತೀಯ ಮಾರಾಯ್ತಿ, ನುಚ್ಚು ಒಂದು ಹಿಡಿ ಕಮ್ಮಿ ಮಾಡೋಣ್ವಾ?" ಎಂದು ಕೇಳಿ, ನಿಜವಾಗಿಯೂ ನಾನು ಹೇಳುವವರೆಗೆ ಸುಮ್ಮನಿರುತ್ತಿದ್ದರು. ಮದುವೆಯಾದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮಲವಗೊಪ್ಪದಲ್ಲಿ ನನ್ನ ಅಕ್ಕನ ಮನೆ. ಹಿತ್ತಲಿನಲ್ಲಿ ಕಲ್ಲು ಕಟ್ಟಿದ ಹಳೆಯ ತೆರೆದ ಬಾವಿ. ಸುತ್ತಲಿನ ಆರು ಮನೆಗಳಿಗೆ ಅದೇ ಆಧಾರ. ನಲ್ಲಿಯಿದ್ದರೂ ಅದರಲ್ಲಿ ನೀರು ಬರುವುದು ಅಪರೂಪ, ಕುಡಿಯಲು, ಅಡುಗೆಗೆ, ಬಟ್ಟೆಗೆ ಬಾವಿಯ ನೀರೇ. ಅಕ್ಕನ ಮನೆಯ ಹಿಂದೆ, ತುಸು ಏರಿನಲ್ಲಿ, ಒಬ್ಬರು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ಅವರಿಗೆ ಬೋರ್ ಬೇಕಿತ್ತು. ಎರಡು ಕಡೆ ಕೊರೆಸಿ ಎರಡೂ ಕುಸಿದಿದ್ದವು. ಅಲ್ಲಿ ನೆಲದೊಳಗೆ ಹಳೆಯ ಹಳ್ಳದ ಜಲ್ಲಿಯ ಪದರವೊಂದು ಹಾದುಹೋಗಿತ್ತು. ಆ ಮಾತು ನನ್ನ ಬಾಯಿಂದಲೇ ಅಂಕಲ್ ಅವರಿಗೆ ತಲುಪಿತು. ಅವರ ಕಣ್ಣುಗಳು ಹೊಳೆದವು. ಬಾಟಲಿಯಲ್ಲಿ ನಿಂತದ್ದನ್ನು ನೆಲದಲ್ಲಿ ನಿಲ್ಲಿಸಿ ನೋಡುವ ಕಾಲ ಬಂತು ಎಂದರು.

ಮಂಟಪದವರು ಒಪ್ಪಿದರು. ಆದರೆ ಗಂಜಿ ಕಲಸುವ ಹೊಂಡಕ್ಕೆ ಜಾಗವಿದ್ದದ್ದು ಅಕ್ಕನ ಹಿತ್ತಲಿನ ಅಂಚಿನಲ್ಲಿ. ಅಕ್ಕನಿಗೆ ಮೊದಲಿಂದಲೂ ಅನುಮಾನ. ಬಾವಿಗೆ ಏನಾದರೂ ಆದರೆ ಎಂದಳು. ಅಂಕಲ್ ಅವಳ ಜಗುಲಿಯಲ್ಲಿ ಕೂತು ಬಿರುಕು ತಾಯಿ ಎಂಬ ಮಾತನ್ನು ಹೇಳಿದರು, ಕೊಳೆಯದಂಥದ್ದನ್ನು ಒಂದು ಚಿಟಿಕೆಯೂ ಹಾಕುವುದಿಲ್ಲ ಎಂದು ಮಾತು ಕೊಟ್ಟರು. ಅಕ್ಕ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ನೀನಿದ್ದೀಯಲ್ಲ, ಸಾಕು" ಎಂದಳು.

ನಾನು ಹದಿನಾಲ್ಕು ಚೀಲ ಸಿದ್ಧಮಾಡಿದೆ. ಪ್ರತಿಯೊಂದರ ಬಾಯಿಯನ್ನೂ ನೀಲಿ ದಾರದಿಂದ ಚೈನ್ ಸ್ಟಿಚ್ ಹಾಕಿ ಹೊಲಿದೆ. ಒಂದು ತುದಿ ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಬೋರ್ ಕೊರೆಯುವ ರಿಗ್ಗಿನವರಿಗೆ ಸುಲಭ. ಕೊರೆಯುವ ಹಿಂದಿನ ದಿನ ಚೀಲಗಳನ್ನೆಲ್ಲ ಅಂಕಲ್ ಮನೆಯ ಗ್ಯಾರೇಜಿನಲ್ಲಿಟ್ಟು ಬಂದೆ.

ಮರುದಿನ ಭದ್ರಾವತಿ ಕಡೆಯ ಒಂದು ಕಾಲೇಜಿನ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ನೋಡಲು ಬಂದಿದ್ದರು. ಸಣ್ಣ ರಿಗ್ಗು, ತೆಲುಗು ಮಾತಾಡುವ ಮೇಸ್ತ್ರಿ. ಜಲ್ಲಿ ಸಿಕ್ಕುತ್ತಿದ್ದಂತೆ ಹೊಂಡದಲ್ಲಿದ್ದ ಗಂಜಿ ಯಾರೋ ಕೆಳಗಿನಿಂದ ಹೀರಿದ ಹಾಗೆ ಇಳಿಯಿತು. ಅಂಕಲ್ ಕೈ ಎತ್ತಿದರು. ಚೀಲಗಳು ಒಂದೊಂದಾಗಿ ಹೊಂಡಕ್ಕೆ ಬಿದ್ದವು. ನಾನು ದೂರದಲ್ಲಿ ಅಕ್ಕನ ಪಕ್ಕ ನೋಟ್‌ಬುಕ್ ಹಿಡಿದು ನಿಂತಿದ್ದೆ. ಎಷ್ಟು ಅಡಿಗೆ ಜಲ್ಲಿ, ಯಾವ ಬಣ್ಣ, ಎಷ್ಟನೆಯ ಚೀಲ ಎಂದು ಮೇಸ್ತ್ರಿ ಕೂಗಿದ್ದನ್ನೆಲ್ಲ ಬರೆದುಕೊಂಡೆ. ಒಂಬತ್ತನೆಯ ಚೀಲಕ್ಕೆ ಗಂಜಿ ನಿಂತಿತು. ಮತ್ತೆ ಮೇಲೆ ಬಂತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂದಿತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ರಿಗ್ಗು ಜಲ್ಲಿ ದಾಟಿ ಬಂಡೆಗೆ ಹೋಯಿತು, ಮಂಟಪಕ್ಕೆ ಬಂಡೆಯೊಳಗಿನ ನೀರು ಸಿಕ್ಕಿತು.

ಹದಿನೈದು ದಿನಕ್ಕೆ ಬ್ಲೀಚಿಂಗ್ ನೀರು ಬಿಟ್ಟು ತೊಳೆದರು. ಅಷ್ಟರಲ್ಲಾಗಲೇ ಅಕ್ಕನ ಬಾವಿ ಇಳಿಯತೊಡಗಿತ್ತು. ತೊಳೆದ ಮೇಲೆ ಸರಿಹೋಗುತ್ತದೆ ಎಂದು ನಾನು ಹೇಳಿದೆ. ಹೋಗಲಿಲ್ಲ. ಹಗ್ಗಕ್ಕೆ ಒಂದು ಮಾರು ಸೇರಿಸಿದರು, ಇನ್ನೊಂದು ಸೇರಿಸಿದರು. ಒಂದು ಬೆಳಿಗ್ಗೆ ಕೊಡ ತಳದ ಕಲ್ಲಿಗೆ ಬಡಿದ ಸದ್ದು ಕೇಳಿತಂತೆ. ಅಕ್ಕ ಫೋನಿನಲ್ಲಿ ಅದಷ್ಟನ್ನೇ ಹೇಳಿ ಇಟ್ಟುಬಿಟ್ಟಳು.

ಆರು ಮನೆಯವರೂ ಅಕ್ಕನ ಜಗುಲಿಯಲ್ಲಿ ಸೇರಿದರು. ಅಂಕಲ್ ಬಂದರು, ಮೇಷ್ಟ್ರೂ ಬಂದರು. ನಾನು ಅಂಕಲ್ ಅವರ ಪಕ್ಕದ ಕುರ್ಚಿಯಲ್ಲೇ ಕೂತೆ. ಏನು ಹೇಳಿದರೂ ಇಬ್ಬರೂ ಸೇರಿ ಹೇಳುತ್ತೇವೆ ಎಂದುಕೊಂಡಿದ್ದೆ. ಅಕ್ಕನ ಮೈದುನ ನೇರವಾಗಿ ಕೇಳಿದ, ಏನು ಹಾಕಿದಿರಿ ಸ್ವಾಮಿ ಎಂದು. ಅಂಕಲ್ ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು, ಊದಿ, ಒಂದು ಗುಟುಕು ಕುಡಿದು, ನನ್ನ ಕಡೆ ನೋಡದೆ ಹೇಳಿದರು.

"ಪಾಕ ಏನೋ ಸರಿ ಇತ್ತು. ಪುಡಿ ಮಾಡಿ ಅಳತೆ ಹಾಕಿದ್ದು ಇವಳು. ಮನೇಲಿ ಮಾಡಿದ ಜರಡಿ ನೋಡಿ, ಎಲ್ಲೋ ಹೆಚ್ಚುಕಮ್ಮಿ ಆಗಿದೆ."

ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅಕ್ಕ ನನ್ನ ಮುಂದಿದ್ದ ಕಾಫಿ ಲೋಟವನ್ನು, ನಾನು ಇನ್ನೂ ಮುಟ್ಟಿರಲಿಲ್ಲ, ಎತ್ತಿಕೊಂಡು ಒಳಗೆ ಹೋದಳು. ನನಗೆ ಕೋಪ ಬರಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ, ಯಾವ ಚೀಲದಲ್ಲಿ ತಪ್ಪಿರಬಹುದು, ಸೀರೆ ಎಲ್ಲಾದರೂ ಹರಿದಿತ್ತಾ ಎಂದು. ಅವರು ಹೇಳಿದ್ದಾರೆಂದರೆ ತಪ್ಪು ನನ್ನದೇ ಇರಬೇಕು ಎಂದುಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎಲ್ಲರೂ ಹೋದ ಮೇಲೆ ಹಿತ್ತಲಿಗೆ ಹೋದೆ. ಅಕ್ಕ ಖಾಲಿ ಚೀಲಗಳನ್ನು ಸೌದೆಯ ಮೇಲೆ ಹೊದಿಸಿದ್ದಳು. ಕೈ ಸುಮ್ಮನಿರಲಾರದೆ ಅವನ್ನು ಮಡಿಸತೊಡಗಿದೆ. ಮೂರನೆಯ ಚೀಲದ ಬಾಯಲ್ಲಿ ಬಿಳಿ ದಾರದ ತುಂಡು ಸಿಕ್ಕಿಕೊಂಡಿತ್ತು. ಉದ್ದುದ್ದ ಹೊಲಿಗೆ, ಗಂಡಸರು ಗೋಣಿ ಹೊಲಿಯುವ ಹಾಗೆ. ನನ್ನ ನೀಲಿ ದಾರದ ಸಣ್ಣ ಸಣ್ಣ ತೂತುಗಳು ಅದರ ಪಕ್ಕದಲ್ಲೇ ಇದ್ದವು. ಚೀಲವನ್ನು ಒಳಹೊರಗು ಮಾಡಿ ಮೂಲೆ ಕೊಡವಿದೆ. ಅಂಗೈಗೆ ಕಪ್ಪು ಕಾಳು ಬಿದ್ದವು. ಬೆರಳಲ್ಲಿ ಉಜ್ಜಿದರೆ ಪುಟಿಯುತ್ತಿದ್ದವು. ಮೂಗಿಗೆ ಹಿಡಿದರೆ ಟೈರಿನ ವಾಸನೆ. ಇನ್ನೂ ಆರು ಚೀಲಗಳಲ್ಲಿ ಹಾಗೇ ಇತ್ತು.

ಮರುದಿನ ಆ ಕಾಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ರಸ್ತೆ ದಾಟಿದೆ. ಅಂಕಲ್ ತಾರಸಿಯಲ್ಲಿದ್ದರು. ಗಂಟು ಬಿಚ್ಚಿ ಅವರ ಮುಂದಿಟ್ಟೆ. ಅವರು ಅಲ್ಲಗಳೆಯಲಿಲ್ಲ, ಅದೊಂದನ್ನು ಹೇಳಲೇಬೇಕು.

"ಕಾಲೇಜಿನವರೆಲ್ಲ ಬರ್ತಾರೆ ಅಂತಿತ್ತು. ಬಾಟಲಿ ಬೇರೆ, ನೆಲ ಬೇರೆ. ನಿನ್ನ ಸಿಪ್ಪೆ ನಿಲ್ಲುತ್ತೆ ಅಂತ ಧೈರ್ಯ ಬರಲಿಲ್ಲ ನಂಗೆ. ಟೈರ್ ಅಂಗಡಿಯಿಂದ ತಂದು ಹಿಂದಿನ ದಿನ ಸಾಯಂಕಾಲ ಬೆರೆಸಿದೆ."

ನಮ್ಮ ಸಿಪ್ಪೆ ಎಂದೇ ಮೂರು ವರ್ಷ ಹೇಳುತ್ತಿದ್ದರು. ಅವತ್ತು ಅದು ನನ್ನ ಸಿಪ್ಪೆಯಾಗಿತ್ತು.

ರಬ್ಬರು ಕೊಳೆಯುವುದಿಲ್ಲ ಎಂದು ನನಗೆ ಬರೆಸಿದವರು ನೀವೇ ಅಲ್ಲವೇ ಎಂದೆ. ತಲೆಯಾಡಿಸಿದರು. ಹಾಗಾದರೆ ಅಕ್ಕನ ಮನೆಯಲ್ಲಿ ನನ್ನ ಹೆಸರನ್ನು ಯಾಕೆ ಹೇಳಿದಿರಿ ಎಂದೆ. ಅವರು ಸಮಾಧಾನ ಮಾಡುವ ಹಾಗೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು.

"ನೀನು ಮನೇಲಿರೋಳು ಮಾರಾಯ್ತಿ. ನಿನ್ನ ಹೆಸರಿಗೆ ಏನಾಗುತ್ತೆ ಹೇಳು? ನಂದಾದ್ರೆ ಮೂವತ್ತು ವರ್ಷದ್ದು."

ನಾನು ಕರವಸ್ತ್ರ ಮಡಿಸಿಕೊಂಡು ಇಳಿದು ಬಂದೆ. ಮೆಟ್ಟಿಲಲ್ಲಿ ಆಂಟಿ ಬಿಸಿ ಕೋಡುಬಳೆ ಕೊಟ್ಟರು. ತೆಗೆದುಕೊಂಡೆ ಕೂಡ.

ಅಕ್ಕನಿಗೆ ಎಲ್ಲ ಹೇಳಿದೆ, ಕಾಳು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಅವರನ್ನ ನನ್ನ ಜಗುಲಿಗೆ ಕರ್ಕೊಂಡು ಬಂದೋಳು ನೀನು ತಾನೇ?" ಎಂದಳು. ಯುಗಾದಿಗೆ ಅವಳು ನಮ್ಮ ಮನೆಗೆ ಬರಲಿಲ್ಲ. ಆರು ಮನೆಯವರು ಮಂಟಪದ ನಲ್ಲಿಯ ಮುಂದೆ ಕೊಡ ಇಟ್ಟು ನಿಲ್ಲುತ್ತಿದ್ದರು.

ನನಗೆ ಗೊತ್ತಿದ್ದದ್ದು ಅಂಕಲ್ ಕಲಿಸಿದ್ದು ಮಾತ್ರ. ಅದನ್ನೇ ಹಿಡಿದು ಕೂತೆ. ನೋಟ್‌ಬುಕ್ಕಿನಲ್ಲಿ ಜಲ್ಲಿ ಎಷ್ಟನೆಯ ಅಡಿಗೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು ಎಂದಿತ್ತು. ಅಕ್ಕನ ಬಾವಿಯ ಕಲ್ಲುಗಳಲ್ಲಿ ನೀರು ಮೊದಲು ಯಾವ ಮೂಲೆಯಿಂದ ಜಿನುಗುತ್ತಿತ್ತು ಎಂದು ಹಳಬರನ್ನು ಕೇಳಿ ಬರೆದುಕೊಂಡೆ. ಎರಡನ್ನೂ ಸೇರಿಸಿ ಚಿತ್ರ ಬರೆದು ರಿಗ್ ಮೇಸ್ತ್ರಿಗೆ ತೋರಿಸಿದೆ. ಅವನು ಚಿತ್ರವನ್ನು ಎರಡು ಸಲ ತಿರುಗಿಸಿ ನೋಡಿದ. "ನೀರು ಎಲ್ಲೂ ಹೋಗಿಲ್ಲಮ್ಮಾ. ರಬ್ಬರಿನ ಆ ಕಡೆ ನಿಂತಿದೆ" ಎಂದ. ಬಾವಿಯೊಳಗೆ ಇಳಿದು, ನಾನು ತೋರಿಸಿದ ಮೂಲೆಯಿಂದ ಅಡ್ಡ ಬೋರ್ ಹಾಕಿದ, ಮುಚ್ಚಿಹೋದ ಜಾಗವನ್ನು ಬಳಸಿಕೊಂಡು ಜಲ್ಲಿಯ ಏರಿನ ಕಡೆಯ ಭಾಗಕ್ಕೆ. ಎರಡನೆಯ ದಿನ ನೀರು ಬಂತು. ಮೊದಲಿನಷ್ಟಿಲ್ಲ, ಅರ್ಧ. ಆರು ಮನೆಗೆ ಕುಡಿಯಲು ಸಾಕು, ಬಟ್ಟೆಗೆ ಸಾಲದು. ಅಕ್ಕ ಈಗ ನನ್ನೊಡನೆ ಮಾತಾಡುತ್ತಾಳೆ. ಮೊದಲಿನಷ್ಟಿಲ್ಲ.

ಅಂಕಲ್ ಆಮೇಲೆ ಒಂದೂವರೆ ವರ್ಷ ಇದ್ದರು. ಎದುರುಬದುರು ಮನೆ, ಗೇಟಿನ ಹತ್ತಿರ ಸಿಕ್ಕರೆ ಅವರು ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಅಡ್ಡ ಬೋರ್ ಹಾಕಿದ ಸುದ್ದಿ ಕೇಳಿ ಮೇಸ್ತ್ರಿಯ ಹತ್ತಿರ, ಎಷ್ಟು ಅಡಿಗೆ ಹಾಕಿದ್ರಿ ಎಂದು ಕೇಳಿ, ಸರಿಯಾದ ಜಾಗವೇ ಎಂದರಂತೆ. ನನಗೆ ಏನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಊಟದ ನಂತರ ಮಲಗಿದವರು ಏಳಲಿಲ್ಲ. ಆಂಟಿ ಮೊದಲು ಓಡಿಬಂದದ್ದು ನಮ್ಮ ಮನೆಗೆ. ಅಂಕಲ್ ಅವರ ಹಣೆಗೆ ಆಂಟಿ ವಿಭೂತಿ ಹಚ್ಚಿದರು. ಬಟ್ಟಲು ಹಿಡಿದುಕೊಂಡವಳು ನಾನೇ.

ತಿಂಗಳ ಮೇಲೆ ಕಾಲೇಜಿನ ಮೇಷ್ಟ್ರು ಬಂದರು. ಅಂಕಲ್ ಅವರ ಕೆಲಸದ ಬಗ್ಗೆ ಪುಸ್ತಕ ಮಾಡುತ್ತಾರಂತೆ. ಬೋರ್ ಕೊರೆಯುವವರು, ಹಳ್ಳಿಗಳ ಪಂಚಾಯಿತಿಯವರು ಅದನ್ನು ನೋಡಿ ಕಸದಿಂದ ಪುಡಿ ಮಾಡಿಕೊಳ್ಳಬಹುದು ಎಂದರು. ನೋಟ್‌ಬುಕ್ ಬೇಕಿತ್ತು. ಪುಟಗಳನ್ನು ತಿರುವಿ, ನನ್ನ ಅಕ್ಷರವನ್ನು ಮೆಚ್ಚಿ, ಮಲವಗೊಪ್ಪದ ಪುಟಕ್ಕೆ ಬಂದು ನಿಂತರು. ಅಲ್ಲಿ ರಬ್ಬರಿನ ವಿಷಯವನ್ನೆಲ್ಲ ನಾನು ಬರೆದಿಟ್ಟಿದ್ದೆ. ಎರಡು ಸಲ ಓದಿದರು.

"ಹೋದವರ ಬಗ್ಗೆ ಇದೆಲ್ಲ ಬೇಡಮ್ಮಾ," ಎಂದರು. "ಈ ಒಂದು ಪುಟ ಬಿಡೋಣ. ಮುಖಪುಟದಲ್ಲಿ ಅವರ ಹೆಸರಿನ ಜೊತೆ ನಿಮ್ಮ ಹೆಸರೂ ಹಾಕ್ತೀವಿ."

ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು. ಮಸಾಲೆ ಡಬ್ಬಿಯ ಮೇಲಲ್ಲ, ಪುಸ್ತಕದ ಮೇಲೆ. ಒಳಗೆ ಹೋಗಿ ನೀರು ಕುಡಿದು ಬಂದೆ. ಆ ಪುಟ ಇಲ್ಲದೆ ಆ ಪುಸ್ತಕ ಯಾರ ಕೈಗಾದರೂ ಹೋದರೆ, ಸಿಪ್ಪೆಯ ಮೇಲೆ ಧೈರ್ಯ ಸಾಲದ ಇನ್ನೊಬ್ಬರು ಇನ್ನೊಂದು ಹಿಡಿ ರಬ್ಬರು ಬೆರೆಸುತ್ತಾರೆ, ಇನ್ಯಾರದೋ ಹಿತ್ತಲಿನಲ್ಲಿ ಕೊಡ ಕಲ್ಲಿಗೆ ಬಡಿಯುತ್ತದೆ. ಪುಟ ಬಿಡುವುದಾದರೆ ನೋಟ್‌ಬುಕ್ ಕೊಡುವುದಿಲ್ಲ ಎಂದೆ. ಯೋಚಿಸಿ ಎಂದು ಹೇಳಿ ಹೋದ ಮೇಷ್ಟ್ರು ಮತ್ತೆ ಬರಲಿಲ್ಲ.

ಆ ಪುಟವನ್ನು ನಾನೇ ಹೊಸದಾಗಿ ಬರೆದೆ. ಸಿಪ್ಪೆ ಎಷ್ಟು, ನುಚ್ಚು ಎಷ್ಟು, ಹಿಟ್ಟು ಎಷ್ಟು, ಹದಿನೈದು ದಿನಕ್ಕೆ ಹೇಗೆ ತೊಳೆಯಬೇಕು, ಏನನ್ನು ಎಂದಿಗೂ ಬೆರೆಸಬಾರದು, ಬೆರೆಸಿದಾಗ ಏನಾಯಿತು. ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ ರಿಗ್ ಮೇಸ್ತ್ರಿಗೆ ಕೊಟ್ಟೆ, ಅವನು ತನ್ನವರಿಗೆಲ್ಲ ಹಂಚುತ್ತಿದ್ದಾನೆ. ಕೊನೆಯಲ್ಲಿ ಮೂರು ಸಾಲು ಗೆರೆ ಎಳೆದಿದ್ದೇನೆ. ಪುಡಿ ಮಾಡಿದವರು ಎಂಬಲ್ಲಿ ನನ್ನ ಹೆಸರು. ಕಲಿಸಿದವರು ಎಂಬಲ್ಲಿ ಅಂಕಲ್ ಅವರ ಹೆಸರು. ರಬ್ಬರು ಬೆರೆಸಿದವರು ಎಂಬಲ್ಲಿ, ಅದೇ ದುಂಡು ಅಕ್ಷರದಲ್ಲಿ, ಮತ್ತೆ ಅವರದೇ ಹೆಸರು.